ಐದು ಫ್ರಾಂಕಿನ ಕಡಲು

ಕಡಲೆಂದರೆ ಮೂರು ಮರದ ಪೆಟ್ಟಿಗೆ,
ಮೇಲೊಂದು ಹಸಿರು ಮಖಮಲ್ಲು.
ಬಂಡೆಯೆಂದರೆ ಹೊಟ್ಟು ತುಂಬಿದ ಗೋಣಿ.
ಜನವರಿ. ಪ್ಯಾರಿಸ್ಸಿನ ಆರನೇ ಮಹಡಿ,
ಗಾಜಿನ ಮಾಡಿನ ಮೇಲೆ ಹಿಮ ಕೂತು
ಬೆಳಕು ನೀರು ಬೆರೆಸಿದ ಹಾಲಿನ ಹಾಗೆ.

ಎಡಮೈ ಒಲೆಯ ಕಡೆಗೆ, ಕೆಂಪಗೆ ಬೇಯುತ್ತದೆ;
ಬಲಮೈ ಕಿಟಕಿಯ ಕಡೆಗೆ, ಮುಳ್ಳೆದ್ದು ನಿಂತಿದೆ.
ಮೊಸ್ಯೂ ಎವ್ರಾರ್ ಎರಡಕ್ಕೂ ಒಂದೇ ಬಣ್ಣ ಕಲಸುತ್ತಾರೆ.
"ಕೈ ತಲೆಯ ಮೇಲೆ, ಸಿದೋನಿ.
ಅಲೆ ಈಗಷ್ಟೇ ನಿನ್ನನ್ನು ತಂದು ಮಲಗಿಸಿದೆ ಅಂದುಕೋ."

ಅಂದುಕೊಂಡೆ.
ಅಲೆ ತಂದು ಮಲಗಿಸಿದವರನ್ನು ನಾನು ನೋಡಿದ್ದೇನೆ.
ಅಪ್ಪನನ್ನು ತಂದದ್ದು ಒಂಬತ್ತನೇ ದಿನಕ್ಕೆ,
ಗುರುತು ಸಿಕ್ಕಿದ್ದು ಅಮ್ಮ ಹೆಣೆದ ಕಾಲುಚೀಲದ ಎಳೆಯಿಂದ.
ಕೈ ತಲೆಯ ಮೇಲಿರಲಿಲ್ಲ.

ನಮ್ಮೂರು ಕ್ರೋತ್ವಾ, ಸೊಮ್ ನದಿ ಕಡಲಿಗೆ ಬಾಯಿ ಬಿಡುವಲ್ಲಿ.
ಅಲ್ಲಿ ಹೆಂಗಸರು ಲಂಗವನ್ನು ಕಚ್ಚೆ ಕಟ್ಟಿ
ಸೊಂಟಮಟ್ಟ ನೀರಲ್ಲಿ ಸಿಗಡಿ ಬಲೆ ತಳ್ಳುತ್ತಾರೆ.
ಬೆತ್ತಲೆಯೆಂದರೆ ಅಲ್ಲಿ ಕಾಲು ಮಾತ್ರ,
ಅದೂ ಕೆಲಸಕ್ಕೆ.
ಏಳು ವರ್ಷದವಳಿದ್ದಾಗ ಕಪ್ಪೆಚಿಪ್ಪು ಕೊಯ್ದು
ಬಲ ಹಿಮ್ಮಡಿಯಲ್ಲಿ ಬಿಟ್ಟ ಗೆರೆಯೊಂದು
ಮಳೆಗೆ ಮುಂಚೆ ಈಗಲೂ ಎಳೆಯುತ್ತದೆ.
ಮೊಸ್ಯೂ ಅದನ್ನು ಬರೆಯಲಿಲ್ಲ.
ರವಿಕೆಯ ಲಾಡಿ ಒತ್ತಿದ ಗುರುತು ಬರೆಯಲಿಲ್ಲ,
ಕಂಕುಳ ಕೂದಲು ಕೂಡ.
"ದೇವತೆಯರಿಗೆ ಇವೆಲ್ಲ ಇರುವುದಿಲ್ಲ" ಎಂದರು,
ಹೋಗಿ ನೋಡಿ ಬಂದವರ ಹಾಗೆ.

ಒಮ್ಮೆ ಬಾಯಿ ತೆರೆದೆ:
"ಮೊಸ್ಯೂ, ನೊರೆ ಸರಿಯಿಲ್ಲ.
ನನ್ನ ಕೂದಲನ್ನು ಗಾಳಿ ಆ ಕಡೆ ಹಾರಿಸಿದ್ದರೆ
ತುಂತುರು ಈ ಕಡೆ ಸಿಡಿಯುವುದು ಹೇಗೆ?"
ಕುಂಚ ಕಚ್ಚಿಕೊಂಡೇ ನಕ್ಕರು.
"ಮಾತಾಡಿದರೆ ಕುತ್ತಿಗೆಯ ನೆರಳು ಕದಲುತ್ತದೆ."
ನಾಲ್ಕು ಗಂಟೆಗೆ ಐದು ಫ್ರಾಂಕು.
ಕುತ್ತಿಗೆಯ ನೆರಳನ್ನು ಮಾರಿದ್ದು ನಿಜ; ನಾಲಗೆಯನ್ನೂ
ಮಾರಿದ್ದೆನೋ ಇಲ್ಲವೋ, ಮಾತಾಗಿರಲಿಲ್ಲ.

ಮೇ ತಿಂಗಳ ಭಾನುವಾರ, ಟಿಕೀಟಿಲ್ಲದ ದಿನ,
ಅಮ್ಮ ರೈಲು ಹತ್ತಿ ಬಂದಳು, ಬಿಳಿ ಟೊಪ್ಪಿಗೆಗೆ ಗಂಜಿ ಹಾಕಿ,
ಬುಟ್ಟಿಯಲ್ಲಿ ಬೇಯಿಸಿದ ಸಿಗಡಿ ಹೊತ್ತು.
ಪ್ರದರ್ಶನದ ಅರಮನೆಯಲ್ಲಿ ನೆಲದಿಂದ ಸೂರಿನವರೆಗೆ ಚಿತ್ರ.
ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಪದಕದ ಚೀಟಿ ಅಂಟಿಸಿಕೊಂಡು
ನಾನು. ಕೆಳಗೆ ಹೆಸರು: ಅಲೆಯ ಮಗಳು.
ಗಂಡಸರು ಇಗರ್ಜಿಯಲ್ಲಿ ತೆಗೆದಂತೆ ಟೊಪ್ಪಿ ತೆಗೆದಿದ್ದರು,
ಅವರ ಹೆಂಡಿರು ಚೌಕಟ್ಟಿನ ಗಿಲೀಟು ಹೊಗಳುತ್ತಿದ್ದರು.
ಅಮ್ಮನಿಗೆ ಏನೂ ಹೇಳಿರಲಿಲ್ಲ.
ಕಂಬದ ಹಿಂದೆ ನಿಂತೆ, ಕಿವಿ ಕಾದು.

ಅಮ್ಮ ನೋಡಿದಳು. ತುಂಬ ಹೊತ್ತು.
ಮೊಲೆ ನೋಡಲಿಲ್ಲ, ತೊಡೆ ನೋಡಲಿಲ್ಲ,
ಮುಖ ನೋಡಿದಳೋ ಗೊತ್ತಾಗಲಿಲ್ಲ.
ಮರಳ ದಿಬ್ಬದಾಚೆ ಮೊಸ್ಯೂ
ಜಾಗ ತುಂಬಲೆಂದು ಎಳೆದಿದ್ದ ಒಂದು ಬೂದುಗೆರೆಗೆ
ಮೂಗು ತಾಗುವಷ್ಟು ಬಾಗಿದಳು.
"ನೀರು ಹಿಂದಿನಿಂದ ಬರ್ತಾ ಇದೆ" ಎಂದಳು.
"ತೋಡು ತುಂಬಿ ಆಗಿದೆ. ಹೆಚ್ಚೆಂದರೆ ಕಾಲು ಗಂಟೆ.
ಯಾರಾದರೂ ಆ ಹುಡುಗಿಯನ್ನು ಎಬ್ಬಿಸಬಾರದಾ?"

ಕಾವಲಿನವನು ಕೆಮ್ಮಿದ. ಯಾರೋ ನಕ್ಕರು.
ಅಮ್ಮ ಹೆಗಲಿನ ಕಪ್ಪು ಶಾಲು ಬಿಚ್ಚಿ
ಕೈಯಲ್ಲಿ ಹಿಡಿದು ನಿಂತೇ ಇದ್ದಳು,
ಎಲ್ಲಿ ಹೊದಿಸಬೇಕೆಂದು ತಿಳಿಯದೆ.

ಸಂಜೆ ಸೆನ್ ನದಿಯ ಮೆಟ್ಟಿಲ ಮೇಲೆ ಕೂತು
ಸಿಗಡಿ ಸುಲಿದು ತಿಂದೆವು. ಚಿತ್ರದ ಮಾತು ಬರಲಿಲ್ಲ.
ಸಿಪ್ಪೆಯನ್ನೆಲ್ಲ ನೀರಿಗೆಸೆದು ಅಮ್ಮ ಕೇಳಿದಳು,
"ಇದು ಕಡಲಿಗೇ ಹೋಗ್ತದಲ್ಲ?"
ಹೋಗ್ತದೆ ಎಂದೆ.
ಶಾಲು ಯಾವಾಗಲೋ ನನ್ನ ಮೇಲಿತ್ತು.
ಬೂಟಿನೊಳಗೆ ಬಲ ಹಿಮ್ಮಡಿ ಎಳೆಯಿತು.
ಮಳೆ ಇರಬೇಕು.